ಶರ್ಲಿ ಮತ್ತು ಡಾಲಿ ಕಾಲಿನ್ಸ್: ಈ ಅಕ್ಕತಂಗಿಯರ ಹಾಡಿನಲ್ಲಿ ಅಂಥದ್ದೇನಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಇವರ ಹಾಡು ಹಾಕಿದಾಗಲೆಲ್ಲ ಬಂದವರು ಒಂದೆರಡು ನಿಮಿಷ ಸುಮ್ಮನಿರುತ್ತಾರೆ. ಆಮೇಲೆ ಪ್ರಶ್ನೆ ಶುರು. ಕೆಲವರಿಗೆ ಅಲ್ಲೇ ಹಿಡಿಸಿಬಿಡುತ್ತದೆ. ಕೆಲವರಿಗೆ ಇದನ್ನು ಯಾಕೆ ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಆದರೆ ಎರಡೂ ಕಡೆಯವರು ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು. ಇಷ್ಟು ದಿನ ಬಾಯಲ್ಲಿ ಹೇಳುತ್ತಿದ್ದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇವರು ಯಾರು?

ಒಡಹುಟ್ಟಿದ ಅಕ್ಕತಂಗಿ. ಡಾಲಿ ದೊಡ್ಡವರು, ಹುಟ್ಟಿದ್ದು 1933ರಲ್ಲಿ. ಶರ್ಲಿ ಚಿಕ್ಕವರು, 1935. ಊರು ಹೇಸ್ಟಿಂಗ್ಸ್, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸ್ ಸೀಮೆಯಲ್ಲಿದೆ. ಶರ್ಲಿ ಹಾಡುತ್ತಾರೆ. ಡಾಲಿ ಆ ಹಾಡುಗಳಿಗೆ ವಾದ್ಯಸಂಗೀತ ಬರೆಯುತ್ತಾರೆ, ಜೊತೆಗೆ ಕೂತು ಪುಟ್ಟ ಪೈಪ್ ಆರ್ಗನ್ ಇಲ್ಲವೇ ಪಿಯಾನೊ ನುಡಿಸುತ್ತಾರೆ, ಅಲ್ಲಲ್ಲಿ ತಮ್ಮ ದನಿಯನ್ನೂ ಕೂಡಿಸುತ್ತಾರೆ. ಇಬ್ಬರೂ ಸೇರಿ ತಂದ ಮುಖ್ಯ ರೆಕಾರ್ಡುಗಳು 1967ರಿಂದ 1978ರ ನಡುವಿನವು. ಬರೀ ಹನ್ನೊಂದು ವರ್ಷ. ಡಾಲಿ 1995ರಲ್ಲಿ ತೀರಿಕೊಂಡರು.

ಹಾಡಿದ್ದು ಬಹುಪಾಲು ಹಳೆಯ ಜನಪದ ಹಾಡುಗಳು. ಕಟ್ಟಿದವರು ಯಾರೋ ಗೊತ್ತಿಲ್ಲ. ಹೊಲದ ಆಳುಗಳು, ಹಡಗಿನವರು, ಮನೆಗೆಲಸದ ಹೆಂಗಸರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದವು.

ಅವರಿಗೆ ಈ ಹಾಡುಗಳು ಸಿಕ್ಕಿದ್ದು ಹೇಗೆ?

ಮೊದಲು ಅಜ್ಜ ಅಜ್ಜಿಯಿಂದ. ಎರಡನೇ ಮಹಾಯುದ್ಧದ ಕಾಲ. ಹೇಸ್ಟಿಂಗ್ಸ್ ಇರುವುದು ಫ್ರಾನ್ಸಿನ ಎದುರು ದಂಡೆಯಲ್ಲಿ, ಮೇಲಿಂದ ವಿಮಾನಗಳು ಹೋಗುತ್ತಿದ್ದವು, ಬಾಂಬು ಬೀಳುತ್ತಿದ್ದವು. ರಾತ್ರಿ ಸೈರನ್ ಕೂಗಿದರೆ ಮಕ್ಕಳನ್ನು ಎತ್ತಿಕೊಂಡು ಆಶ್ರಯದ ಗುಂಡಿಗೆ ಇಳಿಯುವುದು, ಅಲ್ಲಿ ಅವರ ಹೆದರಿಕೆ ಹೋಗಲಿ ಅಂತ ಅಜ್ಜ ಅಜ್ಜಿ ಹಾಡುವುದು. ನನಗೆ ಈ ಚಿತ್ರ ಬಹಳ ಮುಖ್ಯ ಅನಿಸುತ್ತದೆ. ಶರ್ಲಿ ಮೊದಲು ಕಲಿತ ಹಾಡು ವೇದಿಕೆಯದ್ದಲ್ಲ. ಕತ್ತಲಲ್ಲಿ, ಹತ್ತಿರ ಕೂತವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹಾಡಿದ ಹಾಡು. ಮುಂದೆ ಅವರು ಎಷ್ಟು ದೊಡ್ಡ ಸಭಾಂಗಣದಲ್ಲಿ ಹಾಡಿದರೂ ಆ ಅಳತೆ ದಾಟಲಿಲ್ಲ.

ಸ್ವಲ್ಪ ದೊಡ್ಡವರಾದ ಮೇಲೆ ಶರ್ಲಿ ಬಿಬಿಸಿಗೆ ಒಂದು ಕಾಗದ ಬರೆದರು, ನಾನು ಜನಪದ ಹಾಡುಗಾರ್ತಿ ಆಗಬೇಕು ಅಂತ. ಆಗ ಬಿಬಿಸಿಗಾಗಿ ಹಳ್ಳಿ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದ ಬಾಬ್ ಕಾಪರ್ ಇವರ ಮನೆಗೇ ಬಂದರು. ಈ ಕಾಪರ್ ಮನೆತನದ್ದೇ ಒಂದು ಕತೆ. ಸಸೆಕ್ಸಿನ ರಾಟಿಂಗ್‌ಡೀನ್ ಎಂಬ ಹಳ್ಳಿಯವರು, ಬೇಸಾಯದ ಕೆಲಸದವರು, ತಲೆತಲಾಂತರದಿಂದ ಮನೆಮಂದಿ ಕೂತು ಎರಡು ದನಿಯಲ್ಲಿ ಹಾಡುತ್ತಾ ಬಂದವರು.

ಆಮೇಲೆ ಲಂಡನ್. ಅಲ್ಲಿ ಸೆಸಿಲ್ ಶಾರ್ಪ್ ಹೌಸ್ ಅಂತ ಒಂದು ಕಟ್ಟಡ, 1930ರಲ್ಲಿ ತೆರೆದದ್ದು. ಶಾರ್ಪ್ 1903ರಲ್ಲಿ ಸಾಮರ್ಸೆಟ್‌ನ ಹ್ಯಾಂಬ್ರಿಜ್ ಹಳ್ಳಿಯಲ್ಲಿ ಪಾದ್ರಿಯ ತೋಟದ ಮಾಲಿಯೊಬ್ಬ ಕೆಲಸ ಮಾಡುತ್ತಾ ಹಾಡಿದ್ದನ್ನು ಕೇಳಿ, ಅಲ್ಲೇ ಬರೆದುಕೊಂಡು, ಮುಂದೆ ಜೀವನಪೂರ್ತಿ ಸಾವಿರಾರು ಹಾಡು ಸಂಗ್ರಹಿಸಿದವರು. ಆ ಮಾಲಿಯ ಹೆಸರು ಜಾನ್ ಇಂಗ್ಲೆಂಡ್. ಕಟ್ಟಡದ ಗ್ರಂಥಾಲಯದಲ್ಲಿ ಹದಿಹರೆಯದ ಶರ್ಲಿ ಹಳೇ ಪುಸ್ತಕಗಳಿಂದ ಹಾಡು ಕಲಿತರು.

ದನಿ ಇಷ್ಟು ಸಪ್ಪೆ ಯಾಕೆ? ಭಾವವೇ ಇಲ್ಲವಲ್ಲ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ನಾನೂ ಮೊದಲ ಸಲ ಕೇಳಿದಾಗ ಎರಡು ಹಾಡಾದ ಮೇಲೆ ನಿಲ್ಲಿಸಿದ್ದೆ. ದನಿ ಏರುವುದಿಲ್ಲ, ಇಳಿಯುವುದಿಲ್ಲ, ನಡುಗುವುದಿಲ್ಲ. ದುಃಖದ ಸಾಲಿಗೂ ನಗುವಿನ ಸಾಲಿಗೂ ಅದೇ ದನಿ. ಕೆಲವು ತಿಂಗಳ ಮೇಲೆ ಒಂದು ರಾತ್ರಿ ಮತ್ತೆ ಹಾಕಿದೆ. ಅವತ್ತು ಕೇಳಿದ್ದು 'ದಿ ಕ್ರೂಯೆಲ್ ಮದರ್' ಅನ್ನುವ ಹಾಡು.

ಕತೆ ಹೀಗಿದೆ. ಒಬ್ಬಳು ಗುಟ್ಟಾಗಿ ಹೆರುತ್ತಾಳೆ. ಮಕ್ಕಳನ್ನು ಕೊಂದು ಹೂಳುತ್ತಾಳೆ. ಎಷ್ಟೋ ದಿನದ ಮೇಲೆ ದಾರಿಯಲ್ಲಿ ಆಡುತ್ತಿರುವ ಮುದ್ದಾದ ಮಕ್ಕಳನ್ನು ಕಂಡು, ನೀವು ನನ್ನ ಮಕ್ಕಳಾಗಿದ್ದರೆ ಚೆಂದದ ಬಟ್ಟೆ ಹಾಕುತ್ತಿದ್ದೆ ಅನ್ನುತ್ತಾಳೆ. ಮಕ್ಕಳು ಹೇಳುತ್ತವೆ, ನಾವು ನಿನ್ನವರೇ ಆಗಿದ್ದಾಗ ನೀನು ಹಾಗೆ ಮಾಡಲಿಲ್ಲವಲ್ಲ ಅಂತ.

ಇದನ್ನು ಅಳುವ ದನಿಯಲ್ಲಿ ಹಾಡಿದ್ದರೆ ನನಗೆ ಹಾಡುಗಾರ್ತಿಯ ಅಳು ಕೇಳಿಸುತ್ತಿತ್ತು. ಆ ಮಕ್ಕಳ ಮಾತು ಕೇಳಿಸುತ್ತಿರಲಿಲ್ಲ. ಶರ್ಲಿ ಪಕ್ಕದಲ್ಲಿ ಕೂತು ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ ಅಷ್ಟೆ. ತಾಯಿಯ ಪರ ಇಲ್ಲ, ಮಕ್ಕಳ ಪರ ಇಲ್ಲ, ಇಂಥಲ್ಲಿ ನೀವು ಹೆದರಬೇಕು ಅಂತ ಹೇಳಿಕೊಡುವುದಿಲ್ಲ. ಅದಕ್ಕೇ ಕೇಳುವವನ ಮೈ ಜುಮ್ಮೆನ್ನುತ್ತದೆ.

ಭಾವ ಇಲ್ಲ ಅಂತಲ್ಲ. ಭಾವ ಹಾಡಿನೊಳಗೆ ಆಗಲೇ ಇದೆ, ಅದರ ಮೇಲೆ ಇನ್ನಷ್ಟು ಸುರಿಯುವುದು ಬೇಡ ಅಂತ ಅವರ ನಂಬಿಕೆ. ಹಾಡುವಾಗ ಹಿಂದಿನ ತಲೆಮಾರಿನ ಹಾಡುಗಾರರು ತಮ್ಮ ಬೆನ್ನ ಹಿಂದೆ ನಿಂತಿರುವ ಹಾಗೆ ಅನಿಸುತ್ತದೆ ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ. ಈ ಜೋಡಿ ನನ್ನನ್ನು ಹಿಡಿದಿಟ್ಟಿರುವುದೂ ಅದಕ್ಕೇ. ಹಾಡುವವರು ಸ್ವಲ್ಪ ಪಕ್ಕಕ್ಕೆ ಸರಿದು ನಿಂತರೆ, ಹೆಸರಿಲ್ಲದೆ ಸತ್ತುಹೋದ ಆ ಜನ ಮುಂದೆ ಬರುತ್ತಾರೆ.

ಗಮನವಿಟ್ಟು ಕೇಳಿದರೆ ಆ ದನಿಯಲ್ಲಿ ಬಹಳ ಕೆಲಸ ನಡೆಯುತ್ತಿರುವುದು ಗೊತ್ತಾಗುತ್ತದೆ. ಸಾಲಿನ ಕೊನೆಯಲ್ಲಿ ಒಂದು ಸಣ್ಣ ತಿರುವು. ಮಾತಿನ ಲಯಕ್ಕೆ ತಕ್ಕಂತೆ ಒಂದು ಸ್ವರವನ್ನು ಚೂರು ಎಳೆಯುವುದು, ಇನ್ನೊಂದನ್ನು ಬೇಗ ಬಿಡುವುದು. ಮತ್ತೆ ಅದು ಸಸೆಕ್ಸಿನ ಹೆಣ್ಣುಮಗಳ ದನಿ. ಅವರ ಪ್ರಾಯದ ದಿನಗಳಲ್ಲಿ ಲಂಡನ್ನಿನ ಕ್ಲಬ್ಬುಗಳಲ್ಲಿ ಎಷ್ಟೋ ಹುಡುಗರು ಅಮೆರಿಕದವರ ಹಾಗೆ ನಾಲಿಗೆ ತಿರುಗಿಸಿ ಹಾಡುತ್ತಿದ್ದರು.

ಹಾಗಾದರೆ ಡಾಲಿ ಮಾಡಿದ್ದೇನು? ಹಿಂದೆ ಕೂತು ನುಡಿಸಿದ್ದಷ್ಟೇ ಅಲ್ವಾ?

ಅಲ್ಲ. ಡಾಲಿ ಇಲ್ಲದಿದ್ದರೆ ಶರ್ಲಿ ಒಳ್ಳೆಯ ಹಾಡುಗಾರ್ತಿ ಅಂತ ಹೆಸರು ಮಾಡುತ್ತಿದ್ದರು ಖಂಡಿತ, ಆದರೆ ಈ ಸಂಗೀತ ಹುಟ್ಟುತ್ತಿರಲಿಲ್ಲ. ಡಾಲಿಗೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ ಅಂತ ನನಗೆ ಬೇಸರ ಇದೆ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಡಾಲಿ ಸಂಗೀತ ರಚನೆ ಕಲಿತದ್ದು ಅಲನ್ ಬುಷ್ ಎಂಬ ದೊಡ್ಡ ಸಂಗೀತಗಾರರ ಹತ್ತಿರ. ಒಂದು ಕಾಲಕ್ಕೆ ಹೊಲದಲ್ಲಿ ನಿಲ್ಲಿಸಿದ ಹಳೇ ಬಸ್ಸಿನಲ್ಲಿ ವಾಸ ಮಾಡುತ್ತಾ ಸಂಗೀತ ಬರೆಯುತ್ತಿದ್ದರು. ಅವರು ಆರಿಸಿಕೊಂಡ ವಾದ್ಯ ಒಂದು ಪುಟ್ಟ ಪೈಪ್ ಆರ್ಗನ್, ಹಳೇ ಮಾದರಿಯದು. ನಮಗೆ ಗೊತ್ತಿರುವ ಹಾರ್ಮೋನಿಯಂಗೂ ಇದಕ್ಕೂ ವ್ಯತ್ಯಾಸ ಇದೆ. ಹಾರ್ಮೋನಿಯಂನಲ್ಲಿ ತಿದಿ ಒತ್ತಿದಾಗ ಲೋಹದ ನಾಲಿಗೆಗಳು ಅದುರಿ ಸದ್ದಾಗುತ್ತದೆ. ಇದರಲ್ಲಿ ಗಾಳಿ ಕೊಳವೆಗೆ ಹೋಗಿ ಕೊಳಲಿನ ಹಾಗೆ ಉಲಿಯುತ್ತದೆ. ಸಾಲಾಗಿ ನಿಂತ ಕೊಳಲುಗಳನ್ನು ಒಬ್ಬರೇ ಊದುತ್ತಿರುವ ಹಾಗೆ. ಬೆರಳನ್ನು ಎಷ್ಟೇ ಜೋರಾಗಿ ಒತ್ತಿದರೂ ಸದ್ದು ಹೆಚ್ಚಾಗುವುದಿಲ್ಲ. ಅಂದರೆ ಶರ್ಲಿಯ ದನಿಯ ಗುಣವೇ ಆ ವಾದ್ಯಕ್ಕೂ ಇದೆ. ಎರಡೂ ಆಡಂಬರ ಮಾಡಲಾರವು. ಒಂದರ ಪಕ್ಕ ಇನ್ನೊಂದು ಇಟ್ಟಾಗ ಆಗುವ ಸುಖವೇ ಬೇರೆ.

ಇನ್ನೊಂದು ವಿಷಯ. ಇಂಗ್ಲೆಂಡಿನ ಹಳ್ಳಿಯವರು ಈ ಹಾಡುಗಳನ್ನು ಹೆಚ್ಚಾಗಿ ಬರೀ ಬಾಯಲ್ಲಿ, ವಾದ್ಯ ಇಲ್ಲದೆ ಹಾಡುತ್ತಿದ್ದರು. ಆಮೇಲೆ ಬಂದ ಹುಡುಗರು ಗಿಟಾರ್ ಹಿಡಿದು ಮೂರು ಸ್ವರಗುಚ್ಛಗಳಲ್ಲಿ ಎಲ್ಲವನ್ನೂ ಹಾಡತೊಡಗಿದಾಗ ಹಾಡುಗಳ ಮೂಲೆಗಳೆಲ್ಲ ಸವೆದವು. ಡಾಲಿ ಹಾಗೆ ಮಾಡಲಿಲ್ಲ. ಹಾಡಿನ ಹಳೇ ನಡಿಗೆ ಯಾವ ಸ್ವರಗಳಲ್ಲಿ ಇದೆಯೋ ಅದರೊಳಗೇ ನಿಂತು, ಕೆಳಗೆ ಎರಡು ಮೂರು ಎಳೆಗಳನ್ನು ಹೆಣೆದರು. ಒಂದೊಂದು ಎಳೆಯೂ ಬೇರೆಯಾಗಿ ಹಾಡಿಕೊಳ್ಳಬಹುದಾದಷ್ಟು ಚೆಂದ. ಒಂದು ನುಡಿಗೂ ಮುಂದಿನ ನುಡಿಗೂ ಸಣ್ಣ ಬದಲಾವಣೆ ಇರುತ್ತದೆ, ಕತೆ ಮುಂದೆ ಹೋದಂತೆ ನೆಲವೂ ಸ್ವಲ್ಪ ಸ್ವಲ್ಪ ಸರಿದ ಹಾಗೆ.

ಜನಪದ ಹಾಡುಗಾರ ಪೀಟರ್ ಬೆಲಮಿ 1977ರಲ್ಲಿ ತಂದ 'ದಿ ಟ್ರಾನ್ಸ್‌ಪೋರ್ಟ್ಸ್' ಎಂಬ ಹಾಡುನಾಟಕಕ್ಕೂ ವಾದ್ಯಸಂಗೀತ ಡಾಲಿಯದೇ. ಆಸ್ಟ್ರೇಲಿಯಾಕ್ಕೆ ಸಾಗಿಸಲಾದ ಮೊದಲ ಕೈದಿಗಳ ಪೈಕಿ ಒಂದು ದಂಪತಿಯ ನಿಜ ಕತೆ ಅದು.

'ಆ್ಯಂಥಮ್ಸ್ ಇನ್ ಈಡನ್' ಬಗ್ಗೆ ಎಲ್ಲರೂ ಹೇಳುತ್ತಾರೆ. ಅದರಲ್ಲಿ ವಿಶೇಷ ಏನು?

1969ರ ರೆಕಾರ್ಡು. ಒಂದು ಬದಿ ಪೂರ್ತಿ, ಸುಮಾರು 28 ನಿಮಿಷ, ಒಂದೇ ಕತೆ. ಬೇರೆ ಬೇರೆ ಹಳೇ ಹಾಡುಗಳನ್ನು ಒಂದರ ಹಿಂದೆ ಒಂದು ಪೋಣಿಸಿದ್ದಾರೆ. ಹಳ್ಳಿಯ ಹುಡುಗ ಹುಡುಗಿ ಭೇಟಿಯಾಗುತ್ತಾರೆ, ಪ್ರೀತಿಸುತ್ತಾರೆ, ಅಗಲುತ್ತಾರೆ, ಅವನು ಯುದ್ಧಕ್ಕೆ ಹೋಗುತ್ತಾನೆ. ಅದು ಮೊದಲ ಮಹಾಯುದ್ಧ. ಆ ಯುದ್ಧದಲ್ಲಿ ಬ್ರಿಟನ್ನಿನ 7 ಲಕ್ಷಕ್ಕೂ ಜಾಸ್ತಿ ಗಂಡಸರು ಸತ್ತರು. ಇಂಗ್ಲೆಂಡಿನಲ್ಲಿ ಯಾವ ಹಳ್ಳಿಗೆ ಹೋದರೂ ಸಾಮಾನ್ಯವಾಗಿ ಒಂದು ಕಲ್ಲು ಇರುತ್ತದೆ, ಅದರ ಮೇಲೆ ಹೆಸರುಗಳು, ಒಂದೇ ಮನೆಯ ಎರಡು ಮೂರು ಹೆಸರು. ಹಾಡುತ್ತಿದ್ದ ಹುಡುಗರೇ ಹೋದ ಮೇಲೆ ಹಾಡೂ ಕುಣಿತವೂ ಎಷ್ಟೋ ಕಡೆ ನಿಂತುಹೋದವು.

ಕೊನೆಯದಕ್ಕಿಂತ ಒಂದು ಮುಂಚಿನ ಹಾಡಿನ ಮಟ್ಟು ಹಳೆಯದು, ಮಾತು ಮಾತ್ರ ಹೊಸದು. ಬರೆದವರು ಶರ್ಲಿಯ ಆಗಿನ ಗಂಡ ಆಸ್ಟಿನ್ ಜಾನ್ ಮಾರ್ಷಲ್. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ವಿಟ್ಸನ್ ಹಬ್ಬದಲ್ಲಿ ಕುಣಿತ ಬಿಡದೆ ಉಳಿಸಿಕೊಂಡ ಹೆಂಗಸರ ಬಗ್ಗೆ. ಆ ಹೊತ್ತಿಗೆ ಅವರಿಗೆ ವಯಸ್ಸಾಗಿದೆ, ಜೊತೆಗೆ ಕುಣಿಯಬೇಕಿದ್ದವರು ಮಣ್ಣಾಗಿ ಐವತ್ತು ವರ್ಷ. ಇಲ್ಲಿ ಕೂಡ ಶರ್ಲಿ ದನಿ ಏರಿಸುವುದಿಲ್ಲ. ನಾನು ಈ ಹಾಡನ್ನು ಬೇರೆ ಕೆಲಸ ಮಾಡುತ್ತಾ ಕೇಳುವುದಿಲ್ಲ. ಕೂತು ಕೇಳುತ್ತೇನೆ.

ವಾದ್ಯಗಳ ವಿಷಯಕ್ಕೆ ಬಂದರೆ, ಡಾಲಿ ಬರೆದದ್ದನ್ನು ಇಲ್ಲಿ ನುಡಿಸಿದ್ದು ಡೇವಿಡ್ ಮನ್ರೋ ಅವರ ತಂಡ. ಐನೂರು ವರ್ಷ ಹಿಂದಿನ ಯುರೋಪಿನ ವಾದ್ಯಗಳನ್ನು ಮತ್ತೆ ನುಡಿಸಿ ತೋರಿಸುತ್ತಿದ್ದ ಹುಡುಗರು ಅವರು. ಹಾರ್ಪ್ಸಿಕಾರ್ಡ್, ಅಂದರೆ ಪಿಯಾನೊಗಿಂತ ಹಳೆಯ, ತಂತಿ ಮೀಟುವ ಮನೆಗಳ ವಾದ್ಯ ನುಡಿಸಿದ ಕ್ರಿಸ್ಟಫರ್ ಹಾಗ್‌ವುಡ್ ಮುಂದೆ ಜಗತ್ತಿಗೇ ಗೊತ್ತಾದ ಹೆಸರು. ಕ್ರಮ್‌ಹಾರ್ನ್ ಅಂತ ಒಂದಿದೆ, ಕೊಡೆಯ ಹಿಡಿಯ ಹಾಗೆ ಕೆಳಗೆ ಬಾಗಿದ ಊದುವಾದ್ಯ. ಒಳಗೆ ಜೋಡಿ ಪೀಪಿ ಇರುತ್ತದೆ, ಆ ಲೆಕ್ಕದಲ್ಲಿ ನಮ್ಮ ಓಲಗದವರ ಮೌರಿಗೆ ದೂರದ ನೆಂಟ. ಆದರೆ ಪೀಪಿಯ ಮೇಲೆ ಮುಚ್ಚಳ ಇರುವುದರಿಂದ ಸದ್ದು ಸ್ವಲ್ಪ ಒಳಗೇ ಗುಂಯ್‌ಗುಡುತ್ತದೆ. ಸ್ಯಾಕ್‌ಬಟ್ ಅಂದರೆ ಟ್ರಾಂಬೋನಿನ ಅಜ್ಜ. ಇವೆಲ್ಲ ಹಳ್ಳಿ ಹಾಡಿಗೆ ಯಾವತ್ತೂ ಪಕ್ಕವಾದ್ಯ ಆಗಿದ್ದವೇನಲ್ಲ. ಅರಮನೆ, ಚರ್ಚುಗಳ ವಾದ್ಯಗಳು. ಕೂಲಿಯವರ ಹಾಡಿಗೆ ಅರಮನೆಯ ವಾದ್ಯ ಹೊಂದಿಸಿದ ಡಾಲಿಯ ಧೈರ್ಯ ನನಗೆ ಬಹಳ ಇಷ್ಟ. ಆ ಹಾಡುಗಳಿಗೆ ಅಷ್ಟು ಗೌರವ ಸಲ್ಲಬೇಕು ಅಂತ ಮಾತಿಲ್ಲದೆ ಹೇಳಿದ ಹಾಗಾಯಿತು.

ಇದು ಬಂದದ್ದು ಹಾರ್ವೆಸ್ಟ್ ಎಂಬ ಕಂಪನಿಯಿಂದ. ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್ ರೆಕಾರ್ಡುಗಳನ್ನು ತರುತ್ತಿದ್ದ ಕಂಪನಿಯೇ. ಹಾಗಾಗಿ ರಾಕ್ ಕೇಳುವ ಹುಡುಗರ ಕೈಗೂ ಸಿಕ್ಕಿತು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಏನಾದರೂ ಪರಿಚಿತ ಅನಿಸುತ್ತದಾ?

ಸ್ವರಗಳ ಮಟ್ಟಿಗೆ ಹೌದು. ಇಂಗ್ಲಿಷ್ ಜನಪದ ಹಾಡುಗಳಲ್ಲಿ ಬಹಳಷ್ಟು ಡೋರಿಯನ್, ಮಿಕ್ಸೊಲಿಡಿಯನ್ ಎಂಬ ಹಳೇ ಸ್ವರಕ್ರಮಗಳಲ್ಲಿವೆ. ಡೋರಿಯನ್ ಅಂದರೆ ಸ್ವರಸ್ಥಾನದಲ್ಲಿ ನಮ್ಮ ಖರಹರಪ್ರಿಯ, ಮಿಕ್ಸೊಲಿಡಿಯನ್ ಅಂದರೆ ಹರಿಕಾಂಭೋಜಿ. ಗಮಕ ಇಲ್ಲ, ಹಾಗಾಗಿ ರಾಗ ಅನ್ನಲಾಗದು. ಆರ್ಗನ್ನಿನ ಕೆಳಗಿನ ಸ್ವರ ಕೆಲವು ಕಡೆ ಶ್ರುತಿಪೆಟ್ಟಿಗೆಯ ಹಾಗೆ ನಿಂತಿರುತ್ತದೆ, ಆಗ ನನ್ನ ಕಿವಿ ತಾನಾಗಿ ಹಗುರಾಗುತ್ತದೆ.

ಕೆಲವರು ಇಂಥ ಹಾಡುಗಳಲ್ಲಿ ಸ್ವರ ತಪ್ಪಿದೆಯೇನೋ ಅಂತಾರೆ. ಪರ್ಸಿ ಗ್ರೇಂಜರ್ ಎಂಬ ಸಂಗೀತಗಾರ 1906ರ ಸುಮಾರಿಗೆ ಲಿಂಕನ್‌ಶೈರಿನಲ್ಲಿ ಮೇಣದ ಸಿಲಿಂಡರಿನ ಯಂತ್ರ ಇಟ್ಟುಕೊಂಡು ಮುದುಕರ ಹಾಡು ರೆಕಾರ್ಡ್ ಮಾಡಿದರು. ಗಾಂಧಾರ, ನಿಷಾದಗಳನ್ನು ಆ ಮುದುಕರು ಒಂದೇ ಜಾಗದಲ್ಲಿ ನಿಲ್ಲಿಸುವುದಿಲ್ಲ, ಒಂದು ನುಡಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಅಂತ ಗುರುತಿಸಿದರು. ಅದು ತಪ್ಪಲ್ಲ, ಅವರ ಪದ್ಧತಿ.

ಶರ್ಲಿ ಅಮೆರಿಕಕ್ಕೂ ಹೋಗಿದ್ದರಂತೆ?

ಹೌದು. ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಜೊತೆ, 1959ರಲ್ಲಿ. ಆಗ ಅವರಿಗೆ 24ರ ಪ್ರಾಯ. ಹಡಗು ಹತ್ತಿ ಹೋಗಿ, ಅಮೆರಿಕದ ದಕ್ಷಿಣ ರಾಜ್ಯಗಳನ್ನೆಲ್ಲ ಕಾರಿನಲ್ಲಿ ಸುತ್ತಿ, ಬೆಟ್ಟದ ಬಡ ಬಿಳಿಯರು, ಕಪ್ಪು ಜನರ ಚರ್ಚುಗಳು, ಜೈಲಿನ ಕೈದಿಗಳು, ಜಾರ್ಜಿಯಾ ಕರಾವಳಿಯ ದ್ವೀಪದವರು ಎಲ್ಲರ ಹಾಡನ್ನೂ ರೆಕಾರ್ಡ್ ಮಾಡಿದರು. ಮಿಸಿಸಿಪಿಯ ಕೋಮೋ ಎಂಬ ಊರಿನಲ್ಲಿ ದಿನವಿಡೀ ಹತ್ತಿ ಬಿಡಿಸಿ ಸಂಜೆ ಗಿಟಾರ್ ಹಿಡಿದು ಬಂದ ಫ್ರೆಡ್ ಮೆಕ್‌ಡವೆಲ್ ನುಡಿಸಿದ್ದನ್ನು ಮೊದಲು ರೆಕಾರ್ಡ್ ಮಾಡಿದ್ದು ಈ ಪ್ರವಾಸದಲ್ಲೇ. ಮುಂದೆ ಅವರು ಬ್ಲೂಸ್ ಸಂಗೀತದ ದೊಡ್ಡ ಹೆಸರಾದರು. ಅರ್ಕಾನ್ಸಾಸಿನ ಆಲ್ಮೀಡಾ ರಿಡಲ್ ಹಾಡಿದ್ದು ಇಂಗ್ಲೆಂಡ್, ಸ್ಕಾಟ್ಲೆಂಡುಗಳಿಂದ ವಲಸೆ ಹೋದವರ ಜೊತೆ ಕಡಲು ದಾಟಿದ ಹಳೇ ಕಥನಗೀತೆಗಳು.

ಎಷ್ಟೋ ವರ್ಷದ ಮೇಲೆ ಲೋಮ್ಯಾಕ್ಸ್ ತಮ್ಮ ಬರಹದಲ್ಲಿ ಶರ್ಲಿಯನ್ನು ಪ್ರವಾಸಕ್ಕೆ ಜೊತೆಗೆ ಬಂದಿದ್ದವಳು ಅನ್ನುವಂತೆ ಒಂದು ಸಾಲಿನಲ್ಲಿ ಮುಗಿಸಿದರು. ಮಾಡಿದ ಕೆಲಸಕ್ಕೆ ಅಷ್ಟೇ ಲೆಕ್ಕ. ಶರ್ಲಿಗೆ ಅದು ನೋವಾಯಿತು, ಆ ದಿನಗಳ ಬಗ್ಗೆ ತಮ್ಮದೇ ಪುಸ್ತಕ ಬರೆದರು, ಅದು 2004ರಲ್ಲಿ ಬಂತು.

ನಡುವೆ ದನಿಯೇ ಹೋಗಿತ್ತು ಅಂತಾರಲ್ಲ, ನಿಜಾನಾ?

ನಿಜ. 1978ರ ಹೊತ್ತಿಗೆ ಅವರ ಎರಡನೇ ಮದುವೆ ಮುರಿಯಿತು. ಆಗ ಅವರು ನ್ಯಾಷನಲ್ ಥಿಯೇಟರಿನ ಒಂದು ನಾಟಕದಲ್ಲಿ ಹಾಡುತ್ತಿದ್ದರು. ಕೆಲವು ರಾತ್ರಿ ವೇದಿಕೆ ಮೇಲೆ ಬಾಯಿ ತೆರೆದರೆ ದನಿ ಹೊರಡುತ್ತಿರಲಿಲ್ಲ, ಹೊರಟರೂ ಒಡೆದುಹೋಗುತ್ತಿತ್ತು. ವೈದ್ಯರು ಇದಕ್ಕೆ ಡಿಸ್‌ಫೋನಿಯಾ ಅಂತಾರೆ. ಕೊನೆಗೆ ಹಾಡುವುದನ್ನೇ ಬಿಟ್ಟರು. ಮಕ್ಕಳನ್ನು ಸಾಕಬೇಕಿತ್ತು, ಅಂಗಡಿ, ಕಚೇರಿಗಳಲ್ಲಿ ಕೆಲಸ ಮಾಡಿದರು. ಆ ನಡುವೆ ಅಕ್ಕನೂ ಹೋದರು.

ಹಾಡುವವರಿಗೆ ದನಿ ಹೋಗುವುದು ಅಂದರೆ ಏನು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ. ಆದರೆ ಹಳೇ ರೆಕಾರ್ಡುಗಳನ್ನು ಹುಡುಕಿ ಕೇಳುವ ಹೊಸಬರು ಬರುತ್ತಲೇ ಇದ್ದರು. ಅವರಲ್ಲಿ ಒಬ್ಬರು, ಕರೆಂಟ್ 93 ತಂಡದ ಡೇವಿಡ್ ಟಿಬೆಟ್, ಹಾಡಿ ಹಾಡಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದರು. ಕೊನೆಗೆ 2014ರಲ್ಲಿ ಲಂಡನ್ನಿನ ಯೂನಿಯನ್ ಚಾಪೆಲ್‌ನಲ್ಲಿ ಅವರ ಕಾರ್ಯಕ್ರಮದ ದಿನ ಶರ್ಲಿ ಹಾಡಿದರು. ಎರಡು ವರ್ಷದ ಮೇಲೆ, 81ನೇ ವಯಸ್ಸಿನಲ್ಲಿ, 'ಲೋಡ್‌ಸ್ಟಾರ್' ಬಂತು. ಜೋಡಿಯ ಕೊನೆಯ ರೆಕಾರ್ಡು ಬಂದು ಆಗ 38 ವರ್ಷ. ಲೂಯಿಸ್ ಊರಿನ ತಮ್ಮ ಪುಟ್ಟ ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ಆಮೇಲೆ 2020ರಲ್ಲಿ ಒಂದು, 2023ರಲ್ಲಿ ಇನ್ನೊಂದು.

ಈಗಿನ ದನಿ ತಗ್ಗಿದೆ, ಗಡುಸಾಗಿದೆ, ಉಸಿರು ಕೇಳಿಸುತ್ತದೆ. ಹುಡುಗಿಯ ದನಿಯ ಬೆಳ್ಳಿ ಮಿನುಗು ಇಲ್ಲ. ಆದರೂ ಒಂದು ಸಾಲು ಕೇಳಿದರೆ ಸಾಕು, ಅದೇ ವ್ಯಕ್ತಿ ಅಂತ ಗೊತ್ತಾಗುತ್ತದೆ, ಯಾಕೆಂದರೆ ಹಾಡಿನ ಪಕ್ಕಕ್ಕೆ ಸರಿದು ನಿಲ್ಲುವ ಆ ರೀತಿ ಹಾಗೇ ಇದೆ.

ಇಂಗ್ಲೆಂಡಿನ ಹಳೇ ವೈಭವ ಹಾಡುವವರಲ್ವಾ? ನಮ್ಮನ್ನು ಆಳಿದವರ ಹಾಡು ನಾವು ಯಾಕೆ ಕೇಳಬೇಕು?

ಕೇಳಬೇಕಾದ ಪ್ರಶ್ನೆಯೇ. ಈ ಹಾಡುಗಳು ಯಾರವು ಅಂತ ನೋಡಿ. ಇವರ ಮೊದಲ ಜೋಡಿ ರೆಕಾರ್ಡಿನ ಮೊದಲ ಹಾಡು ಒಬ್ಬ ಹೆಂಡತಿಯದು. ರಾತ್ರಿ ಗಂಡನ ಪಕ್ಕ ಮಲಗಿದ್ದಾಗ ಪ್ರೆಸ್ ಗ್ಯಾಂಗಿನವರು ಬಂದು ಅವನನ್ನು ಹಾಸಿಗೆಯಿಂದಲೇ ಎಳೆದುಕೊಂಡು ಹೋಗುತ್ತಾರೆ. ನೌಕಾಪಡೆಗೆ ಆಳು ಸಾಲದಿದ್ದರೆ ಕಡಲ ಕೆಲಸ ಗೊತ್ತಿದ್ದ ಗಂಡಸರನ್ನು ಬಲವಂತವಾಗಿ ಹಿಡಿದು ಹಡಗಿಗೆ ಹಾಕುವುದು ಆಗ ಕಾನೂನು ಒಪ್ಪಿದ ಪದ್ಧತಿ. 1815ರಲ್ಲಿ ನೆಪೋಲಿಯನ್ ಯುದ್ಧಗಳು ಮುಗಿಯುವ ತನಕ ಜೋರಾಗಿತ್ತು. ಹೊಲದ ಕೂಲಿಗಳ ಪೈಕಿ ಬಹಳ ಮಂದಿಗೆ ಓಟು ಸಿಕ್ಕಿದ್ದು 1884ರಲ್ಲಿ, ಅದೂ ಗಂಡಸರಿಗೆ ಮಾತ್ರ. ಸಾಮ್ರಾಜ್ಯ ಆಳಿದವರು ಇವರಲ್ಲ. ಸಾಮ್ರಾಜ್ಯ ಇವರನ್ನೂ ಕೂಲಿಗೆ, ಯುದ್ಧಕ್ಕೆ ಬಳಸಿಕೊಂಡಿತು. ಆ ದೇಶ ನಮ್ಮಿಂದ ಒಯ್ದದ್ದು ಇದರಿಂದ ಕಡಿಮೆ ಆಗುವುದಿಲ್ಲ. ಎರಡೂ ನಿಜ.

ಕಾಲಿನ್ಸ್ ಅಕ್ಕತಂಗಿಯರು ಬೆಳೆದದ್ದು ಎಡಪಂಥೀಯ, ದುಡಿಯುವ ಜನರ ಮನೆಯಲ್ಲಿ. ಡಾಲಿಯ ಗುರು ಅಲನ್ ಬುಷ್ ಕಮ್ಯುನಿಸ್ಟರು. ಇವರ ಹಾಡಿನಲ್ಲಿ ದೇಶ ಅಂದರೆ ರಾಜ, ಬಾವುಟ ಅಲ್ಲ. ಒಂದು ಸುಣ್ಣಕಲ್ಲಿನ ಗುಡ್ಡ, ಒಂದು ಬೇಲಿ, ಮೇ ತಿಂಗಳ ಹೂವು, ಬಾರದೆ ಹೋದ ಒಬ್ಬ ಹುಡುಗ.

ಮಾತು ಅರ್ಥ ಆಗುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬರಬೇಕಾ?

ಬೇಡ. ಹಾಡಿನ ಮಾತು ಸರಳ. ಒಂದೆರಡು ಸಂಗತಿ ಗೊತ್ತಿದ್ದರೆ ಸಾಕು. 'ಮೇ' ಅಂದರೆ ತಿಂಗಳೂ ಹೌದು, ಆ ಹೊತ್ತಿಗೆ ಬೇಲಿಗಳಲ್ಲಿ ಅರಳುವ ಹಾಥಾರ್ನ್ ಎಂಬ ಮುಳ್ಳುಗಿಡದ ಬಿಳಿ ಹೂವೂ ಹೌದು. ಮೇ ಹೊತ್ತು ಬಂದೆವು ಅಂತ ಹಾಡಿದರೆ ಆ ಕೊಂಬೆ ಹಿಡಿದು ಮನೆ ಮನೆಗೆ ಹೋದವರ ಹಾಡು. 'ಹೈ ಜರ್ಮನಿ' ಅಂದರೆ ಸೈನಿಕರನ್ನು ಕಳಿಸುತ್ತಿದ್ದ ದೂರದ ಯುದ್ಧಭೂಮಿ. ಹಕ್ಕಿ, ಹೂವು, ಬೀಗ, ಕಮ್ಮಾರ ಬಂದಾಗ ಪ್ರೀತಿ ಪ್ರೇಮದ ಇನ್ನೊಂದು ಅರ್ಥವೂ ಅಲ್ಲೇ ಇರುತ್ತದೆ.

ಎಲ್ಲಿಂದ ಶುರು ಮಾಡಲಿ?

'ದಿ ಸ್ವೀಟ್ ಪ್ರಿಮ್‌ರೋಸಸ್', 1967. ಇಬ್ಬರ ನಡುವೆ ಬೇರೆ ಜಾಸ್ತಿ ಏನೂ ಇಲ್ಲ, ದನಿ ಮತ್ತು ಆರ್ಗನ್. ರಾತ್ರಿ, ಹೆಡ್‌ಫೋನ್ ಹಾಕಿ, ಒಂದು ಸಲಕ್ಕೆ ನಾಲ್ಕು ಹಾಡು ಸಾಕು. ಆಮೇಲೆ 'ಆ್ಯಂಥಮ್ಸ್ ಇನ್ ಈಡನ್'. 1970ರ 'ಲವ್, ಡೆತ್ ಆ್ಯಂಡ್ ದಿ ಲೇಡಿ' ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಮೊದಲು ಬೇಡ. ಸಾವು ಹೆಣ್ಣಿನ ಎದುರು ಬಂದು ನಿಂತು ಮಾತಾಡುವ ಹಾಡು ಅದರಲ್ಲಿದೆ, ಪೂರ್ತಿ ರೆಕಾರ್ಡೇ ಕತ್ತಲು. ಮನಸ್ಸು ಭಾರವಾಗಿರುವ ದಿನ ಕೇಳಬೇಡಿ. ಕೊನೆಗೆ 'ಲೋಡ್‌ಸ್ಟಾರ್'. ದಯವಿಟ್ಟು ಅದನ್ನೇ ಮೊದಲು ಕೇಳಬೇಡಿ, ಹುಡುಗಿಯ ದನಿ ಕಿವಿಯಲ್ಲಿ ಕೂತ ಮೇಲೆ ಕೇಳಿ.

ಇಂಥ ಬೇರೆ ಜೋಡಿಗಳು?

ಬಾಬ್ ಮತ್ತು ರಾನ್ ಕಾಪರ್, ದಾಯಾದಿಗಳು, ವಾದ್ಯವೇ ಇಲ್ಲದೆ ಎರಡು ದನಿ. ಟಿಮ್ ಹಾರ್ಟ್ ಮತ್ತು ಮ್ಯಾಡಿ ಪ್ರಯರ್, ಆಮೇಲೆ ಸ್ಟೀಲೈ ಸ್ಪ್ಯಾನ್ ತಂಡ ಕಟ್ಟಿದವರಲ್ಲಿ ಇಬ್ಬರು. ಮಾರ್ಟಿನ್ ಕಾರ್ಥಿಯ ಗಿಟಾರ್, ಹಾಡು ಜೊತೆಗೆ ಡೇವ್ ಸ್ವಾರ್ಬ್ರಿಕ್ ಪಿಟೀಲು. ಎಲ್ಲವೂ ಚೆನ್ನಾಗಿವೆ, ಒಂದರ ಹಾಗೆ ಇನ್ನೊಂದಿಲ್ಲ.

ಈ ಹಾಡುಗಳನ್ನು ನಾನೂ ಹಾಡಬಹುದಾ?

ಖಂಡಿತ. ಜನಪದ ಹಾಡಿಗೆ ಒಡೆಯರಿಲ್ಲ. ಡಾಲಿ ಬರೆದ ವಾದ್ಯಸಂಗೀತಕ್ಕೆ, ಮಾರ್ಷಲ್ ಬರೆದಂಥ ಹೊಸ ಮಾತಿಗೆ ಮಾತ್ರ ಹಕ್ಕು ಇರುತ್ತದೆ, ಹಳೇ ಹಾಡಿಗಲ್ಲ. ಸ್ಟೀವ್ ರೌಡ್ ಎಂಬ ಗ್ರಂಥಪಾಲಕರು ಇಂಗ್ಲಿಷ್ ಭಾಷೆಯ ಇಂಥ ಹಾಡುಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ್ದಾರೆ. ಆ ಪಟ್ಟಿ ಸೆಸಿಲ್ ಶಾರ್ಪ್ ಹೌಸಿನ ಗ್ರಂಥಾಲಯದ ತಾಣದಲ್ಲಿ ಎಲ್ಲರಿಗೂ ಉಚಿತ. ಮೇಲೆ ಹೇಳಿದ ಆ ತಾಯಿಯ ಹಾಡಿನ ಸಂಖ್ಯೆ 9. ಹಾಕಿ ನೋಡಿ. ಯಾವ ಊರಿನಲ್ಲಿ, ಯಾವ ವರ್ಷ, ಯಾರು ಹಾಡಿದಾಗ ಯಾರು ಬರೆದುಕೊಂಡರು ಅಂತ ಸಾಲು ಸಾಲಾಗಿ ಬರುತ್ತದೆ, ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕದ ಹಳ್ಳಿಗಳ ಹೆಂಗಸರ ಹೆಸರುಗಳು. ಅವರಲ್ಲಿ ಹೆಚ್ಚಿನವರ ಬಗ್ಗೆ ಉಳಿದಿರುವುದು ಆ ಒಂದು ಸಾಲು ಮಾತ್ರ. ಅದನ್ನು ಓದಿಕೊಂಡು, ಶರ್ಲಿ ಹಾಡಿದ್ದನ್ನು ಇನ್ನೊಂದು ಸಲ ಹಾಕಿ.